ಗಾಳೆಪ್ಪ ದೋಣಿ ಮಾರಿದ್ದು

ಗಾಳೆಪ್ಪನ ದೋಣಿಯ ಜಾಹೀರಾತು ಬರೆದುಕೊಟ್ಟವನು ನಾನೇ. ಹಂಪಸಾಗರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಅರ್ಜಿಯಿರಲಿ, ಲಗ್ನಪತ್ರಿಕೆಯಿರಲಿ, ಊರವರ ಮಾತನ್ನು ನೆಟ್ಟಗೆ ಮಾಡಿ ಟೈಪ್ ಮಾಡುವುದು ನನ್ನ ಕಸುಬು. ಆವತ್ತು ಒಂದೇ ಒಂದು ಸಾಲನ್ನು ನೆಟ್ಟಗೆ ಮಾಡದೆ ಬಿಟ್ಟೆ. ಅದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಗಾಳೆಪ್ಪ ಶಾಲೆಯಲ್ಲಿ ನನ್ನ ಪಕ್ಕ ಕೂತವನು. ಹಿನ್ನೀರಿನಲ್ಲಿ ಮೀನು ಹಿಡಿದು ಬದುಕಿದವನು. ಆದರೆ ಸುತ್ತಲಿನ ನಾಲ್ಕು ಹಳ್ಳಿಗೆ ಅವನು ಗೊತ್ತಿದ್ದದ್ದು ಬೇರೆ ಕೆಲಸಕ್ಕೆ. ಯಾರಾದರೂ ಮುಳುಗಿ ಹೆಣ ಸಿಗದಿದ್ದರೆ ಅವನನ್ನು ಕರೆಯುತ್ತಿದ್ದರು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ, ದೋಣಿಯಲ್ಲಿ ನಿಂತು ತಳ ತಡಕುತ್ತಿದ್ದ. ಅಪ್ಪನ ಕಾಲದಿಂದ ಆ ಮನೆಯ ಕಟ್ಟಳೆ ಎರಡೇ. ಕರೆದರೆ ಇಲ್ಲ ಅನ್ನಬಾರದು. ಹೆಣ ಎತ್ತಿದ ಮೇಲೆ ಒಂಬತ್ತು ದಿನ ಹಸುಗೂಸನ್ನು ಮುಟ್ಟಬಾರದು. ವರ್ಷಕ್ಕೆ ಒಂದೋ ಎರಡೋ ಕರೆ ಬರುತ್ತಿದ್ದವು, ಮಗಳು ಬೆಳೆದ ಮೇಲೆ ಮನೆಯಲ್ಲಿ ಕೂಸೂ ಇರಲಿಲ್ಲ. ಕಟ್ಟಳೆ ಯಾರಿಗೂ ಭಾರವಾಗಿರಲಿಲ್ಲ.

ಮಗಳು ಯಶೋಧಾ ಮದುವೆಯಾದ ಎಂಟು ವರ್ಷಕ್ಕೆ ಹೆತ್ತಳು. ಕೂಸು ಹುಟ್ಟಿದ ಹೊತ್ತಿಗೆ ಗಾಳೆಪ್ಪ ಹೊಳೆಯಲ್ಲಿ ಈಗಿನ ದೋಣಿಯ ಹನ್ನೊಂದನೆಯ ಹೆಣ ಎತ್ತುತ್ತಿದ್ದ. ಆಸ್ಪತ್ರೆಗೆ ಹೋದವನು ಬಾಗಿಲಲ್ಲೇ ನಿಂತು ಮೊಮ್ಮಗಳನ್ನು ನೋಡಿ ಬಂದ. ಮರುದಿನ ನನ್ನ ಅಂಗಡಿಗೆ ಬಂದ.

"ಲೇ ಬಸ್ಯಾ, ದೋಣಿ ಮಾರ್ತೀನಿ. ಅದು ಇದ್ರ ಕರೀತಾರ, ಇಲ್ಲಂದ್ರ ಯಾಕ ಕರದಾರು? ಕೂಸನ್ನ ಎತ್ಕೊಂಡು ಆರಾಮ ಇರ್ತೀನಿ. ಒಂದು ಅಡ್ವಟೈಸು ಬರಿ."

ಬರೆದೆ. ಫೈಬರ್ ದೋಣಿ, ಹದಿನಾಲ್ಕು ಅಡಿ, ಆರು ವರ್ಷ ಹಳೆಯದು, ಸೋರುವುದಿಲ್ಲ. ಅವನಿಗೆ ಸಮಾಧಾನವಾಗಲಿಲ್ಲ.

"ಹನ್ನೊಂದು ಹೆಣ ಎತ್ತಿದ್ರೂ ಒಮ್ಮೆನೂ ವಾಲಿಲ್ಲ ಅಂತ ಹಾಕು."

"ಹುಚ್ಚ ಅದೀಯೇನಲೇ? ಅದನ್ನ ಓದಿ ಯಾರ್ ತಗೊಂತಾರ?"

"ನೀರು ಬಲ್ಲವ ತಗೊಂತಾನ. ನೆನೆದ ಹೆಣಾನ ಒಂದ ಮಗ್ಗಲಿಂದ ಒಳಗ ಎಳಕೊಂಡಾಗ ವಾಲದ ದೋಣಿ ಎಷ್ಟ್ ಅದಾವ ಹೇಳು ನೋಡೋಣ?"

ದೋಣಿಯವನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅವನ ಮೊಂಡುತನ ನನಗೆ ಗೊತ್ತು. ಹಾಳಾಗಿ ಹೋಗಲಿ ಎಂದು ಹಾಕಿದೆ. ಫೋಟೊ, ಫೋನ್ ನಂಬರ್ ಸೇರಿಸಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯ ವಾಟ್ಸಾಪ್ ಗುಂಪುಗಳಿಗೂ ಬಿಟ್ಟೆ.

ಐದನೆಯ ದಿನ ಫೋನ್ ಬಂತು. ಗಾಳೆಪ್ಪ ಹಿಗ್ಗಿನಿಂದ ಎತ್ತಿದ. ಹಡಗಲಿ ಕಡೆಯವರು. ಅವರಿಗೆ ದೋಣಿ ಬೇಕಿತ್ತು ನಿಜ, ಕೊಳ್ಳಲಿಕ್ಕಲ್ಲ. ಸ್ನಾನಕ್ಕಿಳಿದ ಅಣ್ಣ ಮೇಲೆ ಬಂದಿಲ್ಲ ಎಂದು ಅಳುತ್ತಿದ್ದರು. ದೋಣಿಯನ್ನು ಟಾಟಾ ಏಸ್ ಮೇಲೆ ಹೇರಿಕೊಂಡು ಹೋದ. ಅದರ ಒಂಬತ್ತು ದಿನ ಮುಗಿಯುವ ಮೊದಲೇ ಕೊಟ್ಟೂರು ಕಡೆಯ ಕೆರೆ. ಅದರದ್ದು ಮುಗಿಯುವ ಮೊದಲು ಒಂದು ಕಲ್ಲುಕ್ವಾರಿಯ ಹೊಂಡ. ಬೇಸಿಗೆ ರಜೆ ಬೇರೆ, ಈಜು ಬಾರದವರೆಲ್ಲ ನೀರಿಗೆ ಇಳಿಯುವ ಕಾಲ.

ನಾನು ಗಾಬರಿಯಾಗಿ ಮೆಸೇಜ್ ಅಳಿಸಿದೆ. ಅಷ್ಟರಲ್ಲಿ ಯಾವನೋ ಪುಣ್ಯಾತ್ಮ ಅದನ್ನು ಉಳಿಸಿಕೊಂಡು, 'ನೀರಲ್ಲಿ ಮುಳುಗಿದವರನ್ನು ಹುಡುಕುವವರು ಇವರು, ಎಲ್ಲರಿಗೂ ತಲುಪಿಸಿ' ಎಂದು ಮೇಲೆ ಸೇರಿಸಿ ಹರಿಬಿಟ್ಟಿದ್ದ. ಒಳ್ಳೆಯ ಕೆಲಸವೆಂದು ಜನ ಕೈ ಮುಗಿಯುವ ಚಿತ್ರ ಹಾಕಿ ಮುಂದಕ್ಕೆ ಕಳಿಸಿದರು. ನಾಲ್ಕು ಹಳ್ಳಿಯವನನ್ನು ನಾನು ಇಡೀ ಸೀಮೆಗೆ ಕಟ್ಟಿಹಾಕಿದ್ದೆ.

ಒಮ್ಮೆ ಅವನ ಮನೆಗೆ ಹೋದಾಗ ಕೂಸು ತೊಟ್ಟಿಲಲ್ಲಿ ಚೀರುತ್ತಿತ್ತು. ಯಶೋಧಾ ಸ್ನಾನಕ್ಕೆ ಹೋಗಿದ್ದಳು. ಗಾಳೆಪ್ಪ ಹೊಸ್ತಿಲ ಹೊರಗೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಹೆಂಡತಿ ಗಾದೆಮ್ಮ ಒಲೆಯ ಮುಂದಿನಿಂದ ಓಡಿ ಬಂದಳು.

"ಎತ್ಕೊಳ್ರಿ! ನಿಮ್ಮ ಕಟ್ಟಳಿಗೆ ಬೆಂಕಿ ಹಚ್ಚ."

"ಇನ್ನ ಆರು ದಿನ ಐತಿ."

"ನಿಮ್ಮ ಒಂಬತ್ತು ದಿನ ಮುಗಿಯೋದ್ರೊಳಗ ಅದು ಸಾಲಿಗೆ ಹೋಕ್ಕೈತಿ," ಎಂದು ಕೂಸನ್ನು ಎದೆಗೆ ಒತ್ತಿಕೊಂಡಳು. ನನ್ನ ಕಡೆ ಅವಳು ನೋಡಿದ ನೋಟಕ್ಕೆ ಚಹಾ ಕುಡಿಯದೆ ಎದ್ದು ಬಂದೆ.

ಕೊನೆಗೂ ಒಬ್ಬ ಗಿರಾಕಿ ಬಂದ. ಹರಪನಹಳ್ಳಿಯ ಕಾಂತೇಶ್, ಕೆರೆಯ ಮೀನು ಗುತ್ತಿಗೆ ಹಿಡಿದವನು. ದೋಣಿಯ ಅಂಚಿನ ಮೇಲೆ ಎರಡೂ ಕಾಲಿಟ್ಟು ಕುಣಿದು ನೋಡಿದ. ವಾಲಲಿಲ್ಲ.

"ಹೆಣಗಿಣ ನಂಗೇನೂ ಭಯ ಇಲ್ಲ ಕಣಣ್ಣಾ. ದೋಣಿ ಗಟ್ಟಿ ಐತೆ," ಎಂದು ಗಾಳೆಪ್ಪ ಹೇಳಿದ ರೇಟಿಗೇ ಒಪ್ಪಿಕೊಂಡ. ದೋಣಿಯ ಜೊತೆ ಪಾತಾಳಗರಡಿ, ಹಗ್ಗ, ಹುಟ್ಟು ಎಲ್ಲವನ್ನೂ ಗಾಳೆಪ್ಪ ಪುಕ್ಕಟೆ ಹೇರಿ ಕಳಿಸಿದ. ಟ್ರ್ಯಾಕ್ಟರ್ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ನನ್ನ ಹೆಗಲ ಮೇಲೆ ಕೈ ಹಾಕಿ ಗೊಳೋ ಎಂದು ಅತ್ತ.

ಆಮೇಲೆ ಫೋನ್ ಬರಲಿಲ್ಲ. ಕೊನೆಯ ಹೆಣದ ಒಂಬತ್ತು ದಿನ ತುಂಬಿ ಹತ್ತನೆಯ ಬೆಳಿಗ್ಗೆ ನನಗೂ ಹೇಳಿಕಳಿಸಿದ. ಹೋದೆ. ತಲೆಗೆ ಎಣ್ಣೆ ಹಚ್ಚಿ ಮಿಂದು, ಮಡಿ ಪಂಚೆಯುಟ್ಟು ಚಾಪೆಯ ಮೇಲೆ ಕೂತಿದ್ದ. ಯಶೋಧಾ ಕೂಸನ್ನು ಅವನ ತೊಡೆಯ ಮೇಲೆ ಇಟ್ಟಳು. ಕೂಸು ಅವನ ಹೆಬ್ಬೆರಳನ್ನು ಹಿಡಿದುಕೊಂಡಿತು. ಗಾದೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಫೋನ್ ಬಂತು. ಕೈ ಬಿಡುವಿಲ್ಲದ್ದಕ್ಕೆ ಸ್ಪೀಕರ್ ಹಾಕು ಎಂದು ನನಗೆ ಹೇಳಿದ. ಕೂಡ್ಲಿಗಿ ಕಡೆಯಿಂದ ದುರ್ಗಾದೇವಿ ಎಂಬ ಹೆಣ್ಣುಮಗಳು. ಮಗಳು ಬಟ್ಟೆ ಒಗೆಯಲು ಹೋಗಿ ನಿನ್ನೆಯಿಂದ ಕೆರೆಯಲ್ಲಿದ್ದಾಳೆ ಎಂದಳು.

"ತಾಯೀ, ನಾನು ದೋಣಿ ಮಾರೀನಿ," ಎಂದ ಗಾಳೆಪ್ಪ. ಅವನ ದನಿಯಲ್ಲಿ ಬಿಡುಗಡೆಯಿತ್ತು.

"ದೋಣಿ ಬ್ಯಾಡ್ರಿ ಅಣ್ಣಾ," ಎಂದಳು ಆಕೆ. "ಇಲ್ಲಿ ತೆಪ್ಪ ಅದಾವು, ಮಂದಿ ಅದಾರ. ಯಾರಿಗೂ ಎಲ್ಲಿ ಹುಡುಕ್ಬೇಕಂತ ತಿಳಿವಲ್ದು. ನೀವೊಬ್ರ ಬಂದ್ರ ಸಾಕ್ರಿ."

ಫೋನ್ ನನ್ನ ಕೈಯಲ್ಲೇ ಇತ್ತು. ಕತ್ತರಿಸಿಬಿಡಬಹುದಿತ್ತು, ನನ್ನಿಂದ ಆಗಲಿಲ್ಲ. ಗಾಳೆಪ್ಪ ತನ್ನ ಹೆಬ್ಬೆರಳಿನಿಂದ ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.