ನನ್ನ ಕಥೆಗೆ ನಾನೇ ಅನುವಾದಕ

ಕೂತು ಬರೆಯುವುದು ನನಗೆ ಎಂದೂ ಒಗ್ಗಲಿಲ್ಲ. ಓಡಾಡುತ್ತಾ, ಪಾತ್ರಕ್ಕೊಂದು ದನಿ ತೆಗೆಯುತ್ತಾ ಬಾಯಲ್ಲಿ ಹೇಳಿದರೇ ನನಗೆ ಮಾತು ಹುಟ್ಟುವುದು. ಸಿರುಗುಪ್ಪದ ಸಾಲೆಯನ್ನು ನಾಲ್ಕನೇ ಕ್ಲಾಸಿಗೆ ಬಿಟ್ಟು ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವನು ನಾನು. ಗಿರಣಿಯ ಸದ್ದಿನಲ್ಲಿ ಕೂಗಿ ಕೂಗಿ ಗಂಟಲು ಗಟ್ಟಿಯಾಗಿತ್ತು. ಆ ಗಂಟಲು ಕೇಳಿಯೇ ಬಳ್ಳಾರಿಯ ನಾಟಕ ಕಂಪನಿಯವರು ನನ್ನನ್ನು ಸೇರಿಸಿಕೊಂಡರು. ಮೊದಲು ದ್ವಾರಪಾಲಕನ ವೇಷ, ಆಮೇಲೆ ಹಾಸ್ಯ, ಆಮೇಲೆ ಹಾಸ್ಯದ ಮಾತುಗಳನ್ನು ನಾನೇ ಕಟ್ಟುವುದು, ಕಡೆಗೆ ಇಡೀ ನಾಟಕ. ಒಬ್ಬರ ಶಿಫಾರಸೂ ಇಲ್ಲದೆ ಮೇಲೆ ಬಂದೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದವನು ನನ್ನ ಭಾವ, ಅಕ್ಕನ ಗಂಡ. ಕುರುಗೋಡಿನವನು. ಬಳ್ಳಾರಿಯಲ್ಲಿ ತೆಲುಗಿನಲ್ಲಿ ಹೈಸ್ಕೂಲು ಮುಗಿಸಿ ನಮ್ಮ ಕಂಪನಿಗೆ ಮ್ಯಾನೇಜರನಾಗಿ ಬಂದಿದ್ದ. ನನ್ನ ಕನ್ನಡದ ಮಾತನ್ನು ಅವನು ತೆಲುಗು ಅಕ್ಷರದಲ್ಲಿ ಬರೆಯುತ್ತಿದ್ದ. ನಮ್ಮ ಕಡೆ ಅದೇನೂ ದೊಡ್ಡ ಸಂಗತಿಯಲ್ಲ. ನಟರಲ್ಲಿ ಅರ್ಧ ಮಂದಿ ಆದೋನಿ, ಅನಂತಪುರದ ಕಡೆಯವರು; ಕನ್ನಡ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಬರೆಯುವ ಕೈ ಅವನದೆಂದು ನಾನೂ ತಲೆ ಕೆಡಿಸಿಕೊಂಡವನಲ್ಲ. ಪರದೆ ಏಳುವ ಮುಂಚೆ ಸೂತ್ರಧಾರ ಮುಂದೆ ಬಂದು, ಈ ನಾಟಕ ಕಟ್ಟಿದವನು ಇಂಥವನು ಎಂದು ನನ್ನ ಹೆಸರನ್ನು ಕೂಗಿ ಹೇಳುತ್ತಿದ್ದ. ಅದು ನಮ್ಮ ಕಂಪನಿಯ ರೂಢಿ. ಜನ ಕಿವಿಯಿಂದ ಕೇಳಿದ ಮೇಲೆ ಕಾಗದದಲ್ಲಿ ಏನಿದ್ದರೇನು ಎಂದುಕೊಂಡಿದ್ದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜನ ಟಾಕೀಸಿಗೆ ಬಿದ್ದರು, ಕಂಪನಿ ಸೊರಗಿತು. ಆ ಬೇಸಿಗೆ ಕುರುಗೋಡಿನಲ್ಲಿ ಅಕ್ಕನ ಮನೆಯಲ್ಲಿದ್ದಾಗ ನನಗೊಂದು ಕಥೆ ಹೊಳೆಯಿತು. ರಾರಾವಿಯ ನಮ್ಮ ಸೋದರತ್ತೆ, ಗಂಡ ಸತ್ತ ಮೇಲೆ, ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದಳು. ಅವಳ ಹೊಲ ನುಂಗಿದ ಸಾಹುಕಾರನೊಬ್ಬ ಒಂದು ದಿನ ಅವಳದೇ ಹರಿಗೋಲು ಹತ್ತಬೇಕಾಯಿತು. ನಡುನೀರಿಗೆ ಬಂದಾಗ ಅತ್ತೆ ಹುಟ್ಟು ಹಾಕುವುದನ್ನು ನಿಲ್ಲಿಸಿ, ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳಂತೆ. "ದಂಡಿ ಮ್ಯಾಲ ನೀ ದೊರಿ. ನೀರಾಗ ನಾ" ಅಂದಳಂತೆ. ಆ ಒಂದು ಮಾತಿನ ಸುತ್ತ ಪೂರ್ತಿ ಕಥೆ ಕಟ್ಟಿದೆ. ಮೊದಲು ಕೇಳಿದವಳು ಅಕ್ಕ. ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಎಪ್ಪಾ, ಎಲ್ಲಿಂದ ಬರ್ತಾವೋ ನಿನಗ ಇಂಥಾವು! ಹಂಚು ಸುಟ್ಟು ಹೋತು ನೋಡು."

ಪಕ್ಕದಲ್ಲಿ ಕೂತಿದ್ದ ಭಾವ ಎಲ್ಲವನ್ನೂ ಬರೆದುಕೊಂಡ. "ಇದನ್ನ ನಾಟಕ ಮಾಡಿ ಕೆಡಿಸಬ್ಯಾಡ ತಮ್ಮಾ. ಮದ್ರಾಸಿಗೆ ಹೋಗೋಣ ನಡಿ" ಅಂದ.

ಹೋದೆವು. ಸ್ಟುಡಿಯೋದ ಮಾಲೀಕರು ತೆಲುಗಿನವರು. ಸಿನಿಮಾದವರು ಆಗ ಕಥೆಯನ್ನು ಓದುತ್ತಿರಲಿಲ್ಲ, ಕೇಳುತ್ತಿದ್ದರು. ಎದುರಿಗೆ ನಿಂತು ಅಷ್ಟೂ ಪಾತ್ರವನ್ನು ಅಭಿನಯಿಸಿ ತೋರಿಸಬೇಕು. ನನಗೆ ತೆಲುಗು ಬರುತ್ತಿತ್ತು, ಆದರೆ ಅದು ಸಂತೆಯ ತೆಲುಗು. ಭತ್ತದ ದರ ಕೇಳಲು, ಜಗಳ ಆಡಲು ಸಾಕು. ಅಂಥ ಹೊಲಸು ತೆಲುಗಿನಲ್ಲಿ ನನ್ನ ಅತ್ತೆಯನ್ನು ಆ ಮೇಜಿನ ಮುಂದೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಬಾಗಿಲ ಹೊರಗೆ ಭಾವ ಹೇಳಿದ: "ನೀ ಹಿಂದ ಕುಂದ್ರು. ನಾ ತೆಲುಗಿನ್ಯಾಗ ಹೇಳ್ತೀನಿ. ಮರತರ ಎತ್ತಿಕೊಡು."

ಅವನು ಹೇಳಿದ. ಚೆನ್ನಾಗಿಯೇ ಹೇಳಿದ, ಸುಳ್ಳಾಡಬಾರದು. ನನ್ನ ಕೈ ಆಡಿಸುವ ರೀತಿ, ನಾನು ಉಸಿರು ಹಿಡಿಯುವ ಜಾಗ, ಎಲ್ಲ ಅವನಿಗೆ ಬಾಯಿಪಾಠವಾಗಿತ್ತು. ನಡುನೀರಿನ ಮಾತು ಬಂದಾಗ ಮಾಲೀಕರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಹಿಗ್ಗಿದೆ. ಗಡಿಯಲ್ಲಿ ಹುಟ್ಟಿದವರು ನಾವು. ಒಂದೇ ಉಸಿರಿನಲ್ಲಿ ಕನ್ನಡದಿಂದ ತೆಲುಗಿಗೆ ದಾಟಿ ಬರುವುದು ನಮಗೆ ಮನೆಯ ಹೊಸ್ತಿಲು ದಾಟಿದ ಹಾಗೆ. ದಾಟುವಾಗ ಕಥೆಯ ಒಡೆಯನೇ ಬದಲಾಗುತ್ತಾನೆಂದು ನನಗೆ ಹೊಳೆಯಲಿಲ್ಲ.

ಭಾವನಿಗೆ ಸ್ಟುಡಿಯೋದ ಕಥಾ ವಿಭಾಗದಲ್ಲಿ ಕೆಲಸವಾಯಿತು. "ಮೊದಲು ತೆಲುಗಿಂದು ಮುಗೀಲಿ, ಕನ್ನಡದ್ದಕ್ಕ ನಿನ್ನ ಕರಸ್ತೀನಿ" ಎಂದು ನನ್ನನ್ನು ರೈಲು ಹತ್ತಿಸಿದ. ಸಿರುಗುಪ್ಪಕ್ಕೆ ಬಂದು ಮತ್ತೆ ಗಿರಣಿಗೆ ಹೋದೆ. ಗಿರಣಿಯಲ್ಲಿ ಯಾರಾದರೂ ಸಿನಿಮಾದ ಸುದ್ದಿ ಎತ್ತಿದರೆ, "ಬರಾಕತ್ತೈತಿ, ನೋಡೀರಂತ" ಎನ್ನುತ್ತಿದ್ದೆ.

ಕರೆ ಬಂತು. ಸೆಟ್ಟು ಒಂದೇ, ನಟರೂ ಅವರೇ. ತೆಲುಗಿನ ಶಾಟ್ ತೆಗೆದಾದ ಮೇಲೆ ಅದೇ ಜಾಗದಲ್ಲಿ ಕನ್ನಡದ್ದು. ಒಬ್ಬ ಅಸಿಸ್ಟೆಂಟು ನನ್ನ ಕೈಗೆ ತೆಲುಗು ಹಾಳೆಗಳ ಕಟ್ಟು ಕೊಟ್ಟು ಕನ್ನಡ ಮಾಡಿರೆಂದ.

"ಮೂಲಂ ಚಾಲಾ ಬಾಗುಂದಿ ಸಾರ್, ಚೆಡಗೊಟ್ಟಕಂಡಿ" ಅಂದ. ಮೂಲ ತುಂಬಾ ಚೆನ್ನಾಗಿದೆ, ಕೆಡಿಸಬೇಡಿ ಎಂದು.

"ಆ ಮೂಲಂ ನೇನೇ" ಎಂದೆ. ಆ ಮೂಲ ನಾನೇ. ತಮಾಷೆ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕ.

ಕಂಪನಿಯ ಹಾಳೆ ನೋಡಿ ನೋಡಿ ತೆಲುಗು ಅಕ್ಷರ ನನಗೂ ರೂಢಿಯಾಗಿತ್ತು. ಹಾಳೆ ತಿರುವಿದೆ. ನನ್ನ ಅತ್ತೆ, ನನ್ನ ಹೊಳೆ, ನಾನು ಅಡಿಗೆಮನೆಯಲ್ಲಿ ಓಡಾಡುತ್ತಾ ಆಡಿದ ಮಾತು, ಎಲ್ಲ ತೆಲುಗು ಸೀರೆ ಉಟ್ಟು ಕೂತಿದ್ದವು. ಕಥೆ ಎಂಬ ಜಾಗದಲ್ಲಿ ಭಾವನ ಹೆಸರು. ಕ್ಯಾಂಟೀನಿನ ಹಿಂದೆ ಅವನನ್ನು ಹಿಡಿದು ನಿಲ್ಲಿಸಿದೆ.

"ಏನ್ ಭಾವಾ ಇದು?"

"ಲೇ ತಮ್ಮಾ, ಮಾಲೀಕರು ನನ್ನ ಬಾಯಾಗ ಕೇಳ್ಯಾರ. ಈಗ ಕಥಿ ನಂದಲ್ಲ ಅಂದ್ರ ನನ್ನ ನೌಕರಿ ಉಳೀತೈತೇನು? ಹೆಸರು ಯಾರದಿದ್ರೇನಲೇ, ಮನಿ ಒಂದ ಅಲ್ಲೇನು?"

"ಮನಿ ಒಂದ ಆದ್ರ ನಿಂದು ತಗದು ನಂದು ಹಾಕ್ಸು."

ನೆಲ ನೋಡಿದ. "ಕನ್ನಡದ್ದರಾಗ ನಿನ್ನ ಹೆಸರ ಇರ್ತದ. ನಿಮ್ಮಕ್ಕನ ಆಣಿ" ಅಂದ. ಅಕ್ಕನ ಮೇಲೆ ಆಣೆ ಹಾಕಿದ ಮೇಲೆ ನಾನು ಇನ್ನೇನು ಕೇಳಲಿ?

ಗಾಣದೆತ್ತಿನ ಹಾಗೆ ದುಡಿದೆ. ಕಚ್ಚಾ ಫಿಲ್ಮು ಸಿಗುವುದೇ ಕಷ್ಟವಾಗಿದ್ದ ಕಾಲ. ತೆಲುಗು ಶಾಟ್ ಎಷ್ಟು ಉದ್ದವೋ ಕನ್ನಡದ್ದೂ ಅಷ್ಟೇ ಇರಬೇಕೆಂದು ಕಟ್ಟಪ್ಪಣೆ. ನಡುನೀರಿನ ಮಾತನ್ನು ಭಾವ ತೆಲುಗಿನಲ್ಲಿ ಎಳೆದು ಉದ್ದ ಮಾಡಿದ್ದ. ಕನ್ನಡದಲ್ಲಿ ಅದು ಬೇಗ ಮುಗಿದುಹೋಗುತ್ತಿತ್ತು. ಇನ್ನೆರಡು ಮಾತು ಸೇರಿಸಿ ಎಂದರು ಡೈರೆಕ್ಟರು. ಆಕೆ ಆಡಿದ್ದೇ ಅಷ್ಟು, ಉಳಿದ ಹೊತ್ತು ಸುಮ್ಮನೆ ಸಾಹುಕಾರನನ್ನು ನೋಡಲಿ ಎಂದೆ. ಗೊಣಗಿದರು, ಕಡೆಗೆ ಹಾಗೇ ತೆಗೆದರು.

ಕನ್ನಡ ಚಿತ್ರ ಬಳ್ಳಾರಿಗೆ ಬಂದ ದಿನ ಮ್ಯಾಟಿನಿಗೆ ಸಿರುಗುಪ್ಪದಿಂದ ಅವ್ವನನ್ನು ಕರೆತಂದೆ. ಕುರುಗೋಡಿನಿಂದ ಅಕ್ಕ, ಭಾವ ಬಂದರು. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಮಗನ ಹೆಸರು ಗೋಡೆಯ ಮೇಲೆ ಮೂಡುವುದನ್ನು ನೋಡಲು ಬಂದಿದ್ದಳು, ಓದಲು ಬಾರದಿದ್ದರೂ. ಟಾಕೀಸಿನಲ್ಲಿ ಹೆಂಗಸರ ಕಡೆಗೆ ಅಡ್ಡತಡಿಕೆ ಇತ್ತು. ದೀಪ ಆರಿತು. ಕಥೆ, ಸಂಭಾಷಣೆ ಎಂದು ಭಾವನ ಹೆಸರು ಪರದೆಯ ತುಂಬ ಬಂತು. ಆಮೇಲೆ ಮೇಕಪ್ಪಿನವರು, ಬಡಗಿಯವರು, ಅವರ ಕೆಳಗೆ "ಕನ್ನಡ ಅನುವಾದ" ಎಂದು ನನ್ನ ಹೆಸರು. ಕೊಟ್ಟ ಮಾತು ಉಳಿಸಿಕೊಂಡಿದ್ದ, ಹೆಸರು ಹಾಕಿಸಿದ್ದ.

ತಡಿಕೆಯ ಆಚೆಯಿಂದ ಅವ್ವನ ದನಿ ಇಡೀ ಟಾಕೀಸಿಗೆ ಕೇಳಿತು: "ಏನಲೇ ಮಗನ, ಬಂತೇನು ನಿನ್ನ ಹೆಸರು?"

ಜನ ನಕ್ಕರು. ಅಕ್ಕ, "ಬಂತು ಸುಮ್ನಿರಬೇ" ಅಂದಳು.

ನಡುನೀರಿನ ದೃಶ್ಯ ಬಂತು. ಹೆಂಗಸು ಮಾತು ಮುಗಿಸಿ ಸುಮ್ಮನೆ ಅವನನ್ನು ನೋಡುತ್ತಾ ಕೂತಳು. ಆಮೇಲೆ ಸೀಟಿ, ಚಪ್ಪಾಳೆ, ಬೆಂಚು ಬಡಿಯುವ ಸದ್ದು. ನನ್ನ ಹಿಂದೆ ಕೂತವನೊಬ್ಬ, "ಯಾವ ಮಗ ಬರದಾನಲೇ ಇದನ್ನ!" ಅಂದ. ನಾನು ಹಿಂತಿರುಗಿ ನೋಡಲಿಲ್ಲ.

ಆಟ ಮುಗಿದ ಮೇಲೆ ಟಾಕೀಸಿನವರು ಮೆಟ್ಟಿಲ ಮೇಲೆ ಭಾವನಿಗೆ ಹಾರ ಹಾಕಿದರು. ಸುತ್ತ ಜನ ನೆರೆದಿತ್ತು. ಭಾವ ನನ್ನ ಹೆಗಲ ಮೇಲೆ ಕೈ ಹಾಕಿ, "ನನ್ನ ಹೆಣ್ತಿ ತಮ್ಮರಿ. ನನ್ನ ಕಥೀನ ಕನ್ನಡಕ್ಕ ಚಂದ ಇಳಿಸ್ಯಾನ" ಅಂದ. ಆ ಕೈಯನ್ನು ಕಿತ್ತು ಹಾಕಿದೆ.

"ಇದು ನನ್ನ ಕಥಿ" ಎಂದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಿಸಕ್ಕನೆ ನಕ್ಕರು. ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ನಿಜ ಗೊತ್ತಿದ್ದವಳು ಒಬ್ಬಳೇ. "ಅಕ್ಕಾ, ನೀನ ಹೇಳು. ಈ ಕಥಿ ಮೊದಲು ಯಾರ ಬಾಯಾಗ ಕೇಳಿದಿ?"

ಅಕ್ಕ ಸೆರಗು ಸರಿಮಾಡಿಕೊಂಡಳು. ನನ್ನನ್ನು ನೋಡಲಿಲ್ಲ, ಅವನನ್ನೂ ನೋಡಲಿಲ್ಲ.

"ನಮ್ಮನಿಯವರ ಬಾಯಾಗ" ಅಂದಳು.

ಭಾವನಿಂದ ಆದ ಮೋಸ ನನಗೆ ಆ ಹೊತ್ತಿಗೆ ಹಳೆಯದಾಗಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಂಡು ಬದುಕಬಹುದಿತ್ತು. ಇದು ಬೇರೆ. ಅವ್ವ ಮಗಳನ್ನು ಮೇಲಿಂದ ಕೆಳಗೆ ನೋಡಿ, "ನಡಿಯಪಾ, ಬಸ್ಸಿಗೆ ಹೊತ್ತಾತು" ಎಂದು ನನ್ನ ಕೈ ಹಿಡಿದು ಇಳಿಸಿಕೊಂಡು ಬಂದಳು.

ಬಸ್ ಸ್ಟ್ಯಾಂಡಿಗೆ ಅಕ್ಕ ಹಿಂದಿನಿಂದ ಓಡಿ ಬಂದಳು. ಏದುಸಿರು ಬಿಡುತ್ತಿದ್ದಳು.

"ನೀ ಊರಿಗೆ ಹೋದ್ರ ಅವ್ವ ರೊಟ್ಟಿ ಬಡದು ಹಾಕ್ತಾಳ. ನಾ ಅವರ ಮನ್ಯಾಗ ಬಾಳೇವು ಮಾಡಾಕಿ. ಅಷ್ಟು ಮಂದ್ಯಾಗ ನನ್ನ ಗಂಡನ್ನ ಕಳ್ಳ ಅನಸ್ಲೇನು?"

"ನನ್ನನ್ನ ಅನಿಸಿದ್ಯಲ್ಲ" ಎಂದೆ.

ಕಂಡಕ್ಟರು ಸೀಟಿ ಊದಿದ. ಹತ್ತಿದೆ.

ಮದ್ರಾಸನ್ನು ನಾನು ಬಿಡಲಿಲ್ಲ. ಇನ್ನೊಂದು ಸ್ಟುಡಿಯೋಗೆ ಹೋಗಿ ನನ್ನ ಸಂತೆಯ ತೆಲುಗಿನಲ್ಲೇ ಕಥೆ ಹೇಳಿದೆ. ವ್ಯಾಕರಣ ಕೇಳಿ ನಕ್ಕರು. ನಗಲಿ ಎಂದು ಪೂರ್ತಿ ಹೇಳಿ ಮುಗಿಸಿದೆ. ಆಮೇಲೆ ಕೆಲವು ಚಿತ್ರಗಳಲ್ಲಿ ಕಥೆ ಎಂಬ ಮಾತಿನ ಕೆಳಗೆ ನನ್ನ ಹೆಸರು ಬಂತು. ಅವು ಬಳ್ಳಾರಿಯಲ್ಲಿ ಒಂದೆರಡು ವಾರ ಓಡಿ ಹೋದವು. ಹರಿಗೋಲಿನ ಹೆಂಗಸಿನ ಮಾತನ್ನು ಮಾತ್ರ ಜನ ಸಂತೆಯಲ್ಲಿ, ಜಗಳದಲ್ಲಿ, ಮದುವೆಯ ತಮಾಷೆಯಲ್ಲಿ ಆಡುತ್ತಲೇ ಇದ್ದರು. ಆಡುವಾಗಲೆಲ್ಲ ಭಾವನ ಹೆಸರು ಹೇಳುತ್ತಿದ್ದರು. ಅಲ್ಲ ಎಂದು ನಾನು ತಿದ್ದಲು ಹೋಗಲಿಲ್ಲ. ತಿದ್ದಿದರೆ ಸಾಕ್ಷಿ ಕೇಳುತ್ತಾರೆ. ನನಗಿದ್ದ ಸಾಕ್ಷಿ ಕುರುಗೋಡಿನಲ್ಲಿ ಬಾಳೇವು ಮಾಡಿಕೊಂಡಿತ್ತು.