ಆಚಾರ್ರು ಬಿಚ್ಚಿಸಿದ ಅಟ್ಟಣೆ

ವೀರಭದ್ರಾಚಾರ್ರು ಮರವನ್ನು ಕಣ್ಣಿಗಿಂತ ಕಿವಿಯಿಂದಲೇ ಹೆಚ್ಚು ನೋಡುತ್ತಿದ್ದರು. ನಲವತ್ತು ವರ್ಷ ಮರ ಕೊಯ್ಯುವ ಯಂತ್ರದ ಪಕ್ಕ ನಿಂತು ಅವರ ಬಲಗಿವಿ ಪೂರ್ತಿ ಕೆಟ್ಟಿತ್ತು. ಉಳಿದ ಎಡಗಿವಿಯನ್ನು ತೊಲೆಯ ಒಂದು ತುದಿಗೆ ಒತ್ತಿ, ಇನ್ನೊಂದು ತುದಿಯನ್ನು ತಟ್ಟಲು ನನಗೆ ಹೇಳುತ್ತಿದ್ದರು. ತಮ್ಮ ಎದೆಯ ಗೊರಗೊರ ಸದ್ದು ಅಡ್ಡ ಬಾರದಂತೆ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಸರಿಯಿದ್ದರೆ ತಲೆಯಾಡಿಸುತ್ತಿದ್ದರು. ಇಲ್ಲವಾದರೆ ಒಂದೇ ಮಾತು: “ಬಿಚ್ಚಿ.”

ನಾನು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನು. ಸುತ್ತಿಗೆ ಹಿಡಿದು ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆದದ್ದು ಬಿಟ್ಟರೆ ಬೇರೆ ಅನುಭವವಿರಲಿಲ್ಲ. ನನ್ನ ಹೆಂಡತಿ ಲಲಿತಾಳಿಗೆ ನರಗಳ ಕಾಯಿಲೆ ಬಂದು ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಮಾತು ಒಂದೊಂದಾಗಿ ಕೈಬಿಡುತ್ತ ಬಂದಿದ್ದವು. ಗಿರಿನಗರದ ನಮ್ಮ ಮನೆಯ ಹಿಂದೆ ಒಂದು ಕರಿಬೇವಿನ ಗಿಡ ಮತ್ತು ಅವಳು ಬೆಳೆಸಿದ ಮೂವತ್ತು ಕುಂಡಗಳಿರುವ ಸಣ್ಣ ಹಿತ್ತಿಲಿದೆ. ಹಿಂಬಾಗಿಲಿನಿಂದ ಅಲ್ಲಿಗೆ ಇಳಿಯಲು ಮೂರು ಮೆಟ್ಟಿಲು. ಒಮ್ಮೆ ಅವಳನ್ನು ಎತ್ತಿಕೊಂಡು ಇಳಿಯುವಾಗ ನನ್ನ ಕಾಲು ಜಾರಿತು. ಬೀಳಲಿಲ್ಲ, ಆದರೆ ಆ ದಿನದಿಂದ ಅವಳು ಎತ್ತಿಸಿಕೊಳ್ಳಲು ಒಪ್ಪಲಿಲ್ಲ. ಇಳಿಜಾರು ಕಟ್ಟಿಸೋಣವೆಂದರೆ ಜಾಗ ಸಾಲದು. ಹೊಸ್ತಿಲಿನ ಮಟ್ಟಕ್ಕೇ ಹಿತ್ತಿಲಿನಲ್ಲಿ ಒಂದು ಮರದ ಅಟ್ಟಣೆ ಕಟ್ಟಿದರೆ ಗಾಲಿಕುರ್ಚಿಯನ್ನು ಸೀದಾ ಹೊರಗೆ ತಳ್ಳಬಹುದು ಎಂದು ನನಗೆ ಹೊಳೆಯಿತು. ಮೊಬೈಲಿನಲ್ಲಿ ನೋಡಿದ ವಿಡಿಯೋಗಳಲ್ಲಿ ಅದಕ್ಕೆ ಡೆಕ್ ಎನ್ನುತ್ತಿದ್ದರು. ರಜೆ ಹಾಕಿದೆ, ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದೆ, ಗುಂಡಿ ತೋಡಿ ನಾಲ್ಕು ಕಂಬ ನೆಟ್ಟೆ.

ಸ್ಕ್ರೂ ತರಲು ಜರಗನಹಳ್ಳಿಯ ಮರದ ಅಂಗಡಿಗೆ ಹೋಗಿದ್ದಾಗ ಅಂಗಡಿಯವನಿಗೆ ನನ್ನ ಕಂಬಗಳ ವಿಚಾರ ಹೇಳುತ್ತಿದ್ದೆ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಬಡಕಲು ಮುದುಕರೊಬ್ಬರು ನಡುವೆ ಬಾಯಿ ಹಾಕಿದರು.

“ಮಣ್ಣಲ್ಲಿ ಮರ ಹೂತ್ರೆ ಗೆದ್ದಲಿಗೆ ಎಲೆ ಹಾಕಿ ಬಡಿಸ್ದಂಗೆ. ಯಾರು ಸಾರ್ ಕೂತ್ಕೊಳೋದು ಅದ್ರ ಮೇಲೆ?”

ಹೇಳಿದೆ. ಅವರು ಎದ್ದು ಅಂಗಿ ಸರಿಮಾಡಿಕೊಂಡು, ನಡೀರಿ ನೋಡೋಣ ಎಂದರು. ನನ್ನ ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಕೆಮ್ಮಿದರು. ಮರದ ಧೂಳು, ಪಾಲಿಶಿನ ಗಾಳಿ ಕುಡಿದು ಶ್ವಾಸಕೋಶ ಹಾಳಾಗಿ, ಎರಡು ವರ್ಷದ ಹಿಂದೆಯೇ ಕೆಲಸ ಬಿಟ್ಟ ಬಡಗಿ ವೀರಭದ್ರಾಚಾರ್ರು ಅವರು ಎಂದು ಆಮೇಲೆ ತಿಳಿಯಿತು.

ಮನೆಗೆ ಬಂದವರು ನನ್ನ ನಕ್ಷೆಯನ್ನು ಕೈಗೇ ತೆಗೆದುಕೊಳ್ಳಲಿಲ್ಲ. ಲಲಿತಾಳ ಮುಂದೆ ನೆಲದ ಮೇಲೆ ಕೂತು, ಅಮ್ಮಾ, ನೀವು ಏನು ನೋಡಬೇಕು ಎಂದು ಕೇಳಿದರು. ಅವಳು ತೊದಲಿದ್ದನ್ನು ನಾನು ಬಿಡಿಸಿ ಹೇಳಿದೆ: ಕುಂಡಗಳು. ಅವಳನ್ನು ಮಂಚಕ್ಕೆ ವರ್ಗಾಯಿಸಿದ ಮೇಲೆ ಅವರು ಆ ಗಾಲಿಕುರ್ಚಿಯಲ್ಲಿ ತಾವೇ ಕೂತು ಹಿಂಬಾಗಿಲಿಗೆ ತಳ್ಳಿಸಿಕೊಂಡರು. ಕಂಬಗಳ ಮೇಲೆ ನಾನು ಗೆರೆ ಹಾಕಿ ಗುರುತಿಸಿದ್ದ ಕಟಕಟೆಯ ಮೇಲುಪಟ್ಟಿ ಸರಿಯಾಗಿ ಕಣ್ಣಿಗೆ ಅಡ್ಡ ಬರುತ್ತಿತ್ತು. “ಇದು ನಿಂತ್ಕೊಳೋರಿಗೆ ಕಟ್ಟಿರೋದು ಮೇಷ್ಟ್ರೇ. ಅಮ್ಮಂಗೆ ಜೈಲು” ಎಂದರು. ನಾಲ್ಕು ಕಂಬಗಳನ್ನೂ ಅವತ್ತೇ ಕೀಳಿಸಿದರು.

ಆಮೇಲೆ ಎರಡು ದಿನಕ್ಕೊಮ್ಮೆ ಬರುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳುವುದು ಅವರು, ಮಾಡುವುದು ನಾನು. ಕಾಂಕ್ರೀಟಿನ ದಿಮ್ಮಿಗಳ ಮೇಲೆ ಕಬ್ಬಿಣದ ಪಾದ, ಅದರ ಮೇಲೆ ಕಂಬ, ಕಂಬಗಳ ಮೇಲೆ ಹಲಗೆ ಹೊರುವ ತೊಲೆಗಳು. ನೀರು ಮನೆಯ ಕಡೆ ಹರಿಯದಂತೆ ಹೊರಕ್ಕೆ ಒಂದು ಚೂರು ಇಳಿಜಾರು. ಹಲಗೆಗಳ ನಡುವೆ ಮೊಳೆಯ ದಪ್ಪದಷ್ಟು ಸಂದು. ನಾನು ಹಲಗೆಗಳನ್ನು ಬಾಗಿಲಿನಿಂದ ಹೊರಕ್ಕೆ ಉದ್ದುದ್ದ ಹಾಕಲು ಹೊರಟಾಗ ತಡೆದರು. ಕುರ್ಚಿಯ ಮುಂದಿನ ಪುಟ್ಟ ಚಕ್ರ ಸಂದಿಯಲ್ಲಿ ಸಿಕ್ಕಿಕೊಂಡರೆ ಅಮ್ಮ ಮುಗ್ಗರಿಸುತ್ತಾರೆ, ಅಡ್ಡಡ್ಡ ಹಾಕಿ ಎಂದರು. ನನ್ನ ಗಣಿತಕ್ಕೆ ಇವೆಲ್ಲ ಹೊಳೆದಿರಲಿಲ್ಲ. ಅವರು ಹೊಗಳಿದ್ದು ಒಮ್ಮೆ ಮಾತ್ರ. ನಾನು ಕೊಯ್ದ ತುಂಡನ್ನು ತಿರುಗಿಸಿ ನೋಡಿ, “ಪರವಾಗಿಲ್ಲ, ಸೌದೆಗಾಗೋದಿಲ್ಲ ಇದು” ಎಂದಿದ್ದರು.

ಅಷ್ಟರಲ್ಲಿ ಲಲಿತಾಳಿಗೆ ನುಂಗುವುದೂ ಕಷ್ಟವಾಗತೊಡಗಿತು. ಹೆಚ್ಚು ದಿನವಿಲ್ಲವೆಂದು ಡಾಕ್ಟರು ಸುತ್ತಿ ಬಳಸದೆ ಹೇಳಿದ್ದರು. ನಾನು ಅವಸರಕ್ಕೆ ಬಿದ್ದೆ. ಒಂದು ಮಧ್ಯಾಹ್ನ ಮೊದಲು ತೂತು ಕೊರೆಯದೆ ಸೀದಾ ಸ್ಕ್ರೂ ತಿರುಗಿಸಿದೆ. ನಡುವಿನ ತೊಲೆ ತುದಿಯಿಂದ ಒಂದು ಗೇಣು ಸೀಳಿತು. ಮರದ ಪುಡಿಗೆ ಅಂಟು ಕಲಸಿ ಸೀಳಿಗೆ ತುಂಬಿದೆ, ಉಜ್ಜಿದೆ, ಅದರ ಮೇಲೆ ಹಲಗೆಗಳನ್ನು ಕೂರಿಸಿದೆ. ಮೂರು ದಿನದಲ್ಲಿ ಅಟ್ಟಣೆ ಹೆಚ್ಚುಕಡಿಮೆ ಮುಗಿಯಿತು.

ಆಚಾರ್ರು ಬಂದು ಅದರ ಮೇಲೆ ನಡೆದರು. ನಡುವೆ ನಿಂತರು. ಕಷ್ಟಪಟ್ಟು ಮಂಡಿಯೂರಿ ಕಿವಿ ಒತ್ತಿ, ತಟ್ಟಲು ಹೇಳಿದರು.

“ಇದು ಯಾವಾಗ ಸೀಳ್ತು ಮೇಷ್ಟ್ರೇ?”

ಸುಳ್ಳು ಹೇಳಲಾಗಲಿಲ್ಲ. ಹೇಳಿದೆ. ಅವರು ಬಿಚ್ಚಿ ಎಂದರು. ನಡುವಿನ ತೊಲೆ ತೆಗೆಯುವುದೆಂದರೆ ಮೇಲಿನ ಹಲಗೆಗಳನ್ನೆಲ್ಲ ಕಿತ್ತು, ಹೊಸ ತೊಲೆ ತಂದು, ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡುವುದು.

“ಅವಳಿಗೆ ದಿನ ಇಲ್ಲ ಆಚಾರ್ರೇ” ಎಂದೆ. ಸ್ವರ ಏರಿತ್ತು.

ಅವರು ಅಟ್ಟಣೆಯ ಅಂಚಿನಲ್ಲಿ ಕೂತರು.

“ಟೈಮಿಲ್ಲ ಅಂತ್ಲೇ ನಾನೂ ಮುಚ್ಚಿದ್ದು. ಬನಶಂಕರೀಲಿ ಒಂದ್ಮನೆ, ಮಹಡೀಲಿ ಮರದ ಬಾಲ್ಕನಿ. ನಾಳೆ ಗೃಹಪ್ರವೇಶ ಅಂದ್ರೆ ಇವತ್ತು ತೊಲೆ ಸೀಳ್ತು. ಪುಟ್ಟಿ ಮೆತ್ತಿ ಪಾಲಿಶ್ ಹೊಡ್ದೆ. ಮಾರನೇ ದಿನ ಫೋಟೋ ತೆಗ್ಸಕ್ಕೆ ಎಲ್ಲಾ ಹತ್ತಿ ನಿಂತ್ರು. ಮನೆಯೋರ ತಂಗಿ ಕೆಳಗಡೆ ಕೂತು ಹೂ ಕಟ್ತಾ ಇತ್ತು.” ಒಮ್ಮೆ ಕೆಮ್ಮಿ ಮುಂದುವರಿಸಿದರು. “ಜನ ಜಾಸ್ತಿ ಹತ್ತಿದ್ರು, ಅದಕ್ಕೇ ಮುರೀತು ಅಂದ್ರು ಎಲ್ರೂ. ನನ್ನ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಆ ಹುಡುಗೀದು ನಿಶ್ಚಿತಾರ್ಥ ಆಗಿತ್ತು.”

ಹಿಂಬಾಗಿಲಲ್ಲಿ ಕುರ್ಚಿಯಲ್ಲಿದ್ದ ಲಲಿತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಬಾಯಿಂದ ಒಂದು ಮಾತು ಹೊರಟಿತು. ಬೇರೆಯವರಿಗೆ ಅದು ಬರೀ ಸದ್ದು. ನನಗೆ ಸ್ಪಷ್ಟವಾಗಿ ಕೇಳಿಸಿತು: ಬಿಚ್ಚಿ.

“ಅಮ್ಮ ಏನಂದ್ರು?” ಎಂದು ಆಚಾರ್ರು ಕೇಳಿದರು.

“ಏನಿಲ್ಲ” ಎಂದೆ. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು.

ಬಿಚ್ಚಿದೆ. ಹೊಸ ತೊಲೆ ಬರಲು ನಾಲ್ಕು ದಿನ, ನಡುವೆ ಬಿಡದೆ ಸುರಿದ ಮಳೆ. ಕೆಲಸ ಇನ್ನೂ ಅರ್ಧದಲ್ಲಿದ್ದಾಗ ಲಲಿತಾಳ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಬೆಳಿಗ್ಗೆ ಅವಳ ತಂಗಿ ಆಸ್ಪತ್ರೆಯಲ್ಲಿ ಇರುತ್ತಿದ್ದಳು, ಆ ಹೊತ್ತಿನಲ್ಲಿ ನಾನು ಹಲಗೆ ಕೂರಿಸುತ್ತಿದ್ದೆ. ಆಚಾರ್ರು ಆಟೋದಲ್ಲಿ ಬಂದು ಕೂರುತ್ತಿದ್ದರು. ನಾವು ಮಾತಾಡುತ್ತಿರಲಿಲ್ಲ. ಕೊನೆಯ ಹಲಗೆ ಕೂತ ದಿನ ಅವರು ಮೇಲೆ ಹತ್ತಿ ಕಾಲು ಕುಟ್ಟಿ ನೋಡಿದರು. ತಲೆಯಾಡಿಸಿ ಹೊರಟರು. ಮರುವಾರ ಅವರೇ ಹಾಸಿಗೆ ಹಿಡಿದರೆಂದು ಅಂಗಡಿಯವನು ತಿಳಿಸಿದ.

ಮೂರು ವಾರದ ಮೇಲೆ ಲಲಿತಾ ಮೂಗಿಗೆ ನಳಿಕೆ ಹಾಕಿಸಿಕೊಂಡು ಮನೆಗೆ ಬಂದಳು. ಮಾರನೆಯ ದಿನ ಬಿಸಿಲು ಚೆನ್ನಾಗಿತ್ತು. ಕುರ್ಚಿಯನ್ನು ಹೊಸ್ತಿಲು ದಾಟಿಸಿದೆ. ಎಲ್ಲೂ ಕುಲುಕಲಿಲ್ಲ. ಅರ್ಧದಷ್ಟು ಕುಂಡಗಳು ಒಣಗಿದ್ದವು. ಅವಳು ಅವನ್ನೂ ಬಿಡದೆ ಒಂದೊಂದಾಗಿ ನೋಡಿದಳು. ಆಚಾರ್ರೆಲ್ಲಿ ಎಂದು ಕೇಳಿದಳು. ಅವರು ಹಾಸಿಗೆ ಹಿಡಿದದ್ದನ್ನು ಹೇಳದೆ, ಭಾನುವಾರ ಕರೆತರುತ್ತೇನೆಂದೆ. ಅರ್ಧ ಗಂಟೆಯಲ್ಲಿ ದಣಿವಾಗಿ ಒಳಗೆ ಕರೆದೊಯ್ಯಲು ಸನ್ನೆ ಮಾಡಿದಳು. ಶನಿವಾರ ಬೆಳಿಗ್ಗೆ ಹೋಗಿಬಿಟ್ಟಳು.

ಆಚಾರ್ರನ್ನು ನೋಡಲು ನಾನು ಹೋದದ್ದು ಅವಳ ತಿಂಗಳ ತಿಥಿ ಕಳೆದ ಮೇಲೆ. ಜರಗನಹಳ್ಳಿಯ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುಂಯ್‌ಗುಡುತ್ತಿತ್ತು. ಮಗಳು ಅವರ ಎಡಗಿವಿಯ ಹತ್ತಿರ ಬಾಗಿ, ಗಿರಿನಗರದ ಮೇಷ್ಟ್ರು ಬಂದಿದಾರೆ ಎಂದಳು.

“ಅಮ್ಮ ಎಷ್ಟು ದಿನ ಕೂತಿದ್ರು?” ಎಂದು ಕೇಳಿದರು. ಲಲಿತಾ ಹೋದ ಸುದ್ದಿ ಅಂಗಡಿಯವನಿಂದ ಅವರಿಗೆ ಮುಟ್ಟಿತ್ತು.

ಹತ್ತು ದಿನ ಎನ್ನಬಹುದಿತ್ತು. ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. “ಒಂದೇ ಸಲ. ಅರ್ಧ ಗಂಟೆ” ಎಂದೆ. ಹಾಗೆ ಹೇಳುವಾಗ ನನ್ನೊಳಗೆ ಕನಿಕರ ಇರಲಿಲ್ಲ.

ಅವರು ತಮ್ಮ ಕೈಗಳನ್ನು ನೋಡಿಕೊಂಡರು. “ಅವತ್ತು ನಾನು ಬಿಟ್ಬಿಟ್ಟಿದ್ರೆ ಆಸ್ಪತ್ರೆಗೆ ಹೋಗೋಕ್ಮುಂಚೆ ಒಂದು ವಾರ ಕೂತಿರೋರು. ಅಲ್ವಾ ಮೇಷ್ಟ್ರೇ?”

ಬಿಚ್ಚಿ ಎಂದವಳು ಅವಳೂ ಹೌದು ಎಂದು ಆಗ ಹೇಳಬೇಕಿತ್ತು. ಅದನ್ನು ಕೇಳಿಸಿಕೊಂಡವನು ಲೋಕದಲ್ಲಿ ನಾನೊಬ್ಬನೇ. ನಾನು ಯಂತ್ರದ ಕಡೆ ನೋಡುತ್ತ ಕೂತೆ. ಮಗಳು ಕಾಫಿ ತಂದಳು, ಕುಡಿದೆ, ಬರ್ತೀನಿ ಎಂದು ಎದ್ದೆ. ಅವರು ಕೈ ಎತ್ತಿ ಮುಗಿದರು.

ಮನೆಗೆ ಬಂದ ಮೇಲೆ ಎರಡು ದಿನ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಹೇಳಿಯೇ ಬರಬೇಕೆಂದು ಸ್ಕೂಟರ್ ತೆಗೆದೆ. ಆ ಬೀದಿಯ ತಿರುವಿನಲ್ಲೇ ಶಾಮಿಯಾನ ಕಾಣಿಸಿತು. ಅವರನ್ನು ಹೊರಗೆ ಮಲಗಿಸಿದ್ದರು. ಮಗಳು ನನ್ನನ್ನು ಗುರುತು ಹಿಡಿದು, ಒಂದು ಮಾತು ಕೇಳಲೇ ಎಂದಳು. ಕೊನೆಯ ಎರಡು ದಿನ ಅಪ್ಪ ಉತ್ತರ ಬಂತಾ, ಉತ್ತರ ಬಂತಾ ಎನ್ನುತ್ತಿದ್ದರಂತೆ. ಯಾವುದರ ಉತ್ತರ ಎಂದು ಅವಳಿಗೆ ಗೊತ್ತಾಗಿರಲಿಲ್ಲ.