ಸಿಂಬಿಯ ಮೇಲೆ ಗ್ರಾಮಫೋನು

ನಂಬಬೇಡಿ. ನಂಬದೆ ಇರಲು ನಿಮ್ಮ ಕೈಲಾದರೆ ನೋಡೋಣ. ನನ್ನ ಸೋದರಮಾವ ಚನ್ನಬಸಪ್ಪ ಯಾರ ಮನೆಗೆ ಹೋದರೂ ಕೂರುವ ಮೊದಲು ತಂಬಿಗೆ ತುಂಬ ನೀರು ಕೇಳುತ್ತಿದ್ದ. ಕುಡಿಯಲಿಕ್ಕಲ್ಲ. ನೆಲದ ಮೇಲಿಟ್ಟು, ಬಗ್ಗಿ, ನೀರು ನಡುಗುತ್ತದೆಯೇ ಎಂದು ನೋಡಲಿಕ್ಕೆ. ನಡುಗದಿದ್ದರೆ, "ಭಾಳ ಚಲೋ ಮನಿ ಐತ್ರಿ. ಇಲ್ಲಿ ಹಾಡು ಕುಂದ್ರತೈತಿ" ಎಂದು ಹೇಳಿ ಆಮೇಲೆ ತಾನು ಕೂರುತ್ತಿದ್ದ.

ಈ ಹುಚ್ಚು ಹತ್ತಿಸಿದ್ದು ಗ್ರಾಮಫೋನು. ಕಂಪ್ಲಿಯಲ್ಲಿ ಮಾವನದು ಅಕ್ಕಿ ಗಿರಣಿ. ಅದರ ಗೋಡೆಗೆ ಅಂಟಿಕೊಂಡೇ ಮನೆ. ಒಬ್ಬಳೇ ಮಗಳು ಪಾರ್ವತಿಗೆಂದು ಮದ್ರಾಸಿನಿಂದ ಈ ಹಾಡಿನ ಪೆಟ್ಟಿಗೆ ತರಿಸಿದ. ಆಚೆ ಎಂಜಿನ್ನು ಧಡ್ ಧಡ್ ಎಂದರೆ ಸಾಕು, ಈಚೆ ತಟ್ಟೆಯ ಮೇಲಿನ ಸೂಜಿ ಕಪ್ಪೆಯಂತೆ ಹಾರುತ್ತಿತ್ತು. ಮಾವ ಹೊಟ್ಟಿನ ಚೀಲದ ಮೇಲಿಟ್ಟ, ಪೆಟ್ಟಿಗೆ ವಾಲಿತು. ತೊಟ್ಟಿಲಲ್ಲಿಟ್ಟ.

"ಜೋಗುಳ ಹಾಡ್ರಿ ಮಾವ, ನಿದ್ದಿ ಮಾಡ್ತೈತಿ" ಎಂದೆ. ಅವನೆಸೆದ ಚಪ್ಪಲಿ ನನಗೆ ತಾಗಲಿಲ್ಲ. ಆಗ ನನ್ನಷ್ಟು ಚುರುಕಿನವರು ಇಡೀ ಕಂಪ್ಲಿಯಲ್ಲಿರಲಿಲ್ಲ.

ದಾರಿ ತೋರಿಸಿದ್ದು ನೀಲಮ್ಮತ್ತೆ. ಹೊಳೆಯಿಂದ ಕೊಡ ಹೊತ್ತು ಬಂದವಳು ತಲೆಯ ಮೇಲಿನ ಬಟ್ಟೆಯ ಸಿಂಬಿ ತೆಗೆದು ಗಂಡನ ಮುಂದೆ ಒಗೆದಳು. "ಕಲ್ಲು ದಾರ್ಯಾಗ ಬಂದೀನಿ, ಒಂದ್ ಹನಿ ತುಳುಕಿಲ್ಲ. ನಿಮ್ ಪೆಟ್ಟಿಗಿ ನನ್ ಕೊಡಕ್ಕಿಂತ ನಾಜೂಕೇನು?"

ಕೆಳಗೆ ಸಿಂಬಿಗಳು, ಮೇಲೆ ಅಂಗಳದ ಚಪ್ಪಡಿ ಕಲ್ಲು, ಅದರ ಮೇಲೆ ಪೆಟ್ಟಿಗೆ. ಎಂಜಿನ್ನು ಗುದ್ದಿತು, ಸೂಜಿ ಮಿಸುಕಲಿಲ್ಲ. "ಹಗುರಾದ್ದು ಕುಣೀತೈತಿ, ಭಾರಾದ್ದು ಕುಂದ್ರತೈತಿ. ಬುಡಕ ಮಾತ್ರ ಮೆತ್ತಗಿರಬೇಕು" ಎಂದು ಮಾವ ಕಂಡಕಂಡವರಿಗೆಲ್ಲ ಹೇಳತೊಡಗಿದ.

ಅಷ್ಟರಲ್ಲಿ ಪಾರ್ವತಿ ಮದುವೆಯಾಗಿ ಸಂಡೂರು ಸೇರಿದ್ದಳು. ಅವಳ ಗಂಡನ ತಂದೆ ವೀರಭದ್ರಪ್ಪ ಒಮ್ಮೆ ಬಂದು ನಕ್ಕರು. "ಗಿರಣಿ ಮಗ್ಗುಲಾಗ ಹಾಡ? ಬಡಾಯಿ ಬಿಡ್ರಿ ಬೀಗರ."

"ಸೂಜಿ ಹಾರಿದ್ರ ಪೆಟ್ಟಿಗಿ ನಿಮ್ ಮನಿಗೆ. ಹಾರಲಿಲ್ಲಂದ್ರ?"

"ನಿಮ್ ಮಗಳನ್ನ ಒಂದ್ ತಿಂಗಳು ತವರಿಗೆ ಕಳಸ್ತೀನ್ರಿ."

ಮಾವನ ಮುಖ ಗಂಭೀರವಾಯಿತು. ಮದುವೆಯಾದಮೇಲೆ ಮಗಳು ಬಂದಿರಲೇ ಇಲ್ಲ. ಎಂಜಿನ್ನು ಹಚ್ಚಿದರು. ಸೂಜಿ ಅಲುಗಲಿಲ್ಲ. ಬೀಗರು ತಾಳ ಹಾಕುವ ನೆಪದಲ್ಲಿ ಹಿಮ್ಮಡಿಯಿಂದ ನೆಲ ಗುದ್ದಿದರು. ಅಲುಗಲಿಲ್ಲ. ಹಾಡು ಇನ್ನೇನು ಮುಗಿಯಬೇಕು, ಮಾವ ಖುಷಿ ತಡೆಯಲಾರದೆ "ಹೆಂಗೈತ್ರೀ!" ಎಂದು ಜಿಗಿದ. ಮೊಣಕೈ ಪೆಟ್ಟಿಗೆಗೆ ಬಡಿದು ಸೂಜಿ ಹಾರಿತು. ಪೆಟ್ಟಿಗೆ ಸಂಡೂರಿಗೆ ಹೋಯಿತು.

ಆಮೇಲೆ ಹಾಡು ಕೇಳಬೇಕೆನಿಸಿದಾಗಲೆಲ್ಲ ಮಾವ ಬಗಲಲ್ಲಿ ಹೊಸ ಸಿಂಬಿ ಇಟ್ಟುಕೊಂಡು ಮಗಳ ಮನೆಗೆ ಹೊರಡುತ್ತಿದ್ದ. ಕೊನೆಯ ಸಲ ನಾನೂ ಜೊತೆಗಿದ್ದೆ. ತಂಬಿಗೆ ಕೈಯಲ್ಲೇ ಹಿಡಿದು ನೋಡಿದ, ನೀರು ನಡುಗುತ್ತಿತ್ತು.

"ಬೀದ್ಯಾಗ ಅದಿರಿನ ಗಾಡಿ ಹೊಂಟೈತ್ರಿ ಮಾವ" ಎಂದೆ.

"ಗಾಡಿ ಎಲ್ಲೈತಲೇ ಕೋತಿ? ಅದು ನನ್ ಕೈ. ಇನ್ನ ಸಿಂಬಿ ನನಗ ಬೇಕು." ಪಾರ್ವತಿ ನಗುತ್ತಲೇ ತಂಬಿಗೆ ಇಸಿದುಕೊಂಡು ಹಾಡು ಹಚ್ಚಿದಳು. ಮುಂದಿನ ಬೇಸಿಗೆಗೆ ಮಾವ ಇರಲಿಲ್ಲ.

ಇಷ್ಟರಲ್ಲಿ ಒಂದು ಮಾತ್ರ ನಾನು ಕಟ್ಟಿದ್ದು: ಆ ಜಿಗಿತ. ಸೂಜಿ ಹಾರಲೇ ಇಲ್ಲ. ಮಾವ ಗೆದ್ದ, ಮಗಳು ಬಂದು ತಿಂಗಳಿದ್ದಳು, ತಿರುಗಿ ಹೊರಟಾಗ ಅವನೇ ಪೆಟ್ಟಿಗೆಯನ್ನು ಅವಳ ಗಾಡಿಗೆ ಏರಿಸಿದ. ಸೋತು ಕೊಟ್ಟ ಎಂದರೆ ನಂಬಿದಿರಿ. ಗೆದ್ದು ಕೊಟ್ಟ ಎಂದಿದ್ದರೆ ನಂಬುತ್ತಿದ್ದಿರಾ?